ಚಿಕ್ಕಮಾದಮ್ಮನ ಒರತೆ

ಚಿಕ್ಕಮಾದಮ್ಮ ತನ್ನ ನೆರಳನ್ನೂ ಎರಡು ಸಲ ತಿರುಗಿ ನೋಡುವ ಹೆಂಗಸು. ಮಳವಳ್ಳಿ ಸೀಮೆಯಲ್ಲಿ ಕಾವೇರಿ ಕವಲೊಡೆದು ಸುತ್ತುವರಿದ ನಡುಗಡ್ಡೆ ಅವಳ ಊರು. ಇದ್ದದ್ದೇ ಹನ್ನೆರಡು ಮನೆ. ಸುತ್ತಲೂ ಹೊಳೆ ಹರಿದರೂ ಯುದ್ಧಕಾಲದ ಆ ಬೇಸಿಗೆಯಲ್ಲಿ ಕುಡಿಯಲು ನೀರಿರಲಿಲ್ಲ. ಮೇಲಿನ ಊರುಗಳಿಗೆ ಕಾಲರಾ ಬಡಿದಿತ್ತು. ಹೊಳೆನೀರಿಗೆ ಹೆದರಿ ಎಲ್ಲರೂ ಮರಳಿನಲ್ಲಿ ಗುಂಡಿ ತೋಡಿ, ತಳದಲ್ಲಿ ಜಿನುಗುವ ಒರತೆಯನ್ನು ತೆಂಗಿನ ಚಿಪ್ಪಿನಿಂದ ಗೋರಿ ಕೊಡ ತುಂಬುತ್ತಿದ್ದರು. ಒಬ್ಬರ ಒರತೆಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಅದು ಗಡ್ಡೆಯ ಕಟ್ಟು.

ಸೊಸೆ ಚಿಕ್ಕನಂಜಮ್ಮ ಒಂಬತ್ತು ದಿನದ ಬಾಣಂತಿ. ಕೆಟ್ಟ ನೀರು ಒಳಗೆ ಹೋದರೆ ತಾಯಿಯೂ ಇಲ್ಲ, ಕೂಸೂ ಇಲ್ಲ. ಆ ಭಯಕ್ಕೆ ಮುದುಕಿ ಒರತೆಗೆ ಬಿದಿರಿನ ಮಂಕರಿ ಕವುಚಿ ಕಲ್ಲು ಹೇರುವಳು, ಸಂಜೆ ಕಡ್ಡಿ ಇಳಿಬಿಟ್ಟು ಅಳೆಯುವಳು. ಬೆಳಿಗ್ಗೆ ನೋಡಿದರೆ ನೀರು ನಾಲ್ಕು ಬೆರಳು ಕೆಳಗೆ!

"ಯಾವನೋ ಕದೀತಾವ್ನೆ ಕಣಮ್ಮ."

"ವೊಳೇನೇ ಇಳೀತಾ ಅದಲ್ಲ ಅತ್ಯಮ್ಮ," ಅಂದಳು ಸೊಸೆ.

"ನೀ ಸುಮ್ಕಿರು. ಮಂಕರಿ ಎತ್ತಕ್ಕೆ ವೊಳೆಗೇನು ಕೈ ಅದಾ? ಕಲ್ಲು ನಾನು ಇಟ್ಟ ತಾವು ಇರ್ನಿಲ್ಲ."

ಒಲೆಯ ಬೂದಿ ಜರಡಿ ಹಿಡಿದು ಒರತೆಯ ಸುತ್ತ ಚೆಲ್ಲಿ ಬಂದಳು. ಬೆಳಿಗ್ಗೆ ಬೂದಿಯ ಮೇಲೆ ಹೆಬ್ಬೆರಳಿಲ್ಲದ ಎಡಗಾಲಿನ ಗುರುತು. ಗಡ್ಡೆಯಲ್ಲಿ ಅಂಥ ಕಾಲು ಒಂದೇ, ಮೈದುನ ಮಹದೇವಯ್ಯನದು. ಪಾಲಾಗುವಾಗ ಒಂದು ಹುಣಸೆಮರಕ್ಕೆ ಜಗಳವಾಗಿ ಎಂಟು ವರ್ಷದಿಂದ ಇಬ್ಬರಿಗೂ ಮಾತಿರಲಿಲ್ಲ.

"ಥೂ, ನಿನ್ನ ಮನೆ ಆಳಾಗ! ಬಾಣಂತಿ ಬಾಯ್ಗೆ ಮಣ್ಣಾಕ್ತೀಯಾ?" ಎಂದು ಆ ಗುರುತಿಗೇ ಶಾಪ ಹಾಕಿದಳು.

ಆ ಸಂಜೆಯೇ ಹೋಗಿ ಅವನ ಒರತೆಗೆ ಕಾಲಿಂದ ಮರಳು ನೂಕಿ ನೂಕಿ ಮುಚ್ಚಿದಳು. ಹೊಟ್ಟೆ ತಣ್ಣಗಾಯಿತು. ಅಷ್ಟಕ್ಕೇ ಬಿಟ್ಟಾಳೆಯೇ? ಮಾರನೆಯ ಮುಂಜಾನೆ ಅವನನ್ನು ಕೈಯಾರೆ ಹಿಡಿಯಲು ಜೊಂಡಿನ ಹಿಂದೆ ಕುಳಿತಳು.

ಮಹದೇವಯ್ಯ ಬಂದ. ಕೈಯಲ್ಲಿ ಕೊಡವಿರಲಿಲ್ಲ, ಗುದ್ದಲಿಯಿತ್ತು. ಮಂಕರಿ ಸರಿಸಿ ಗುಂಡಿಗಿಳಿದು, ತಳದ ಮರಳನ್ನು ಬಾಚಿ ಬಾಚಿ ಮೇಲೆ ಹಾಕಿದ. ಹೊಳೆ ಇಳಿದಂತೆ ಒರತೆಯೂ ಇಳಿಯುತ್ತದೆ. ದಿನಾ ಅಷ್ಟಷ್ಟು ಆಳ ಮಾಡದಿದ್ದರೆ ಬತ್ತಿಯೇ ಹೋಗುತ್ತದೆ. ಇಷ್ಟು ದಿನ ತನ್ನ ಒರತೆ ಉಳಿದದ್ದು ಹೇಗೆಂದು ಮುದುಕಿಗೆ ಆಗ ಗೊತ್ತಾಯಿತು.

ಅವನು ಮತ್ತೆ ಕಲ್ಲು ಹೇರಿ ತನ್ನ ಒರತೆಯತ್ತ ಹೋದ. ಅಲ್ಲಿ ಒರತೆಯೇ ಇಲ್ಲ, ಮರಳ ತುಂಬ ಹೆಂಗಸಿನ ಹೆಜ್ಜೆ. ಜೊಂಡಿನ ಸಂದಿಯ ಸೆರಗನ್ನು ಬರುವಾಗಲೇ ಕಂಡಿದ್ದ. ಗುದ್ದಲಿ ಕೆಳಗಿಟ್ಟ. ಆಮೇಲೆ ಇತ್ತ ತಿರುಗದೆಯೇ ಅಂದ: "ಜೊಂಡಲ್ಲಿ ಆವು ಇರ್ತವೆ ಅತ್ಗೆ, ಎದ್ ಬಾ."

ನಾಚಿಕೆಯಿಂದ ಸತ್ತೇ ಹೋದಳು. ಆದರೂ ಹುಟ್ಟುಗುಣ ಸುಟ್ಟರೂ ಹೋಗದು. "ಒಳ್ಳೆ ಕೆಲ್ಸಕ್ಕೆ ಕದ್ದು ಯಾಕ್ಲಾ ಬತ್ತಿದ್ದೆ?"

"ಅಗಲೊತ್ತು ಬಂದಿದ್ರೆ ಮುಟ್ಟಕ್ಕೆ ಬುಡ್ತಿದ್ದಾ?"

ಚಿಕ್ಕಮಾದಮ್ಮ ಅವನ ಒರತೆಯ ಬಳಿಗೆ ಹೋದಳು. ಸೆರಗು ಸಿಕ್ಕಿಸಿ ಮಂಡಿಯೂರಿ, ತಾನೇ ಮುಚ್ಚಿದ ಮರಳನ್ನು ಎರಡೂ ಕೈಯಲ್ಲಿ ಬಗೆದಳು. ಅತ್ತಳು ಕೂಡ. ಬಿಸಿಲೇರುವ ಹೊತ್ತಿಗೆ ನೀರು ಕಂಡಿತು, ಆದರೆ ಬರೀ ಕೆಸರು.

"ಇದು ತಿಳಿಯಾಗಕ್ಕೆ ಸಂಜೆ ಆಯ್ತದೆ. ನಿನ್ನ ಕೊಡ ತಕ್ಕೊಂಡು ನಮ್ಮ ಒರತೆಗೆ ಬಾ."

ಗಡ್ಡೆಯ ಕಟ್ಟು ಮುರಿದು ತಾನೇ ಮಂಕರಿ ಎತ್ತಿ ಹಿಡಿದಳು. ಅವನು ಗೋರಿದ ಚಿಪ್ಪುಗಳನ್ನು ಮಾತ್ರ ಮನಸ್ಸಿನಲ್ಲೇ ಎಣಿಸುತ್ತಿದ್ದಳು, ಪುಣ್ಯಾತ್ಗಿತ್ತಿ. ಅರ್ಧ ಕೊಡಕ್ಕೆ ಅವನು ಚಿಪ್ಪು ಕೆಳಗಿಟ್ಟ.

"ಸಾಕು ಅತ್ಗೆ. ಬಾಣಂತಿಗೆ ಬೇಕು."

ಚಿಕ್ಕಮಾದಮ್ಮನಿಗೆ ಎಣಿಕೆ ತಪ್ಪಿಹೋಯಿತು.