ಬಾಗಿಲ ಅಳತೆ ತೆಗೆದ ಶ್ಯಾಮಲಾ

ಬೆಳಗಿನ ಐದೂವರೆ. ಚಿನ್ನದ ಗಣಿಯಿದ್ದ ಉರಿಗಾಂನ ಆಂಬುಲೆನ್ಸ್ ಶೆಡ್ಡಿನ ಮುಂದೆ ಶ್ಯಾಮಲಾ ಎರಡು ಮರಳು ಮೂಟೆಗಳನ್ನು ದಪ್ಪ ಕ್ಯಾನ್ವಾಸ್ ಜೋಲಿಯಲ್ಲಿ ಮಲಗಿಸುತ್ತಾರೆ. ಒಂದು ತುದಿಯ ಹಿಡಿಗಳನ್ನು ತಾವು ಹಿಡಿದು, ಇನ್ನೊಂದು ತುದಿಯವನ್ನು ಚಾಲಕ ನಾಗೇಶ್ ಕೈಗೆ ಕೊಟ್ಟು ಎತ್ತುತ್ತಾರೆ. ಕಿವಿ ಹೊಲಿಗೆಯ ಕಡೆಗಿರುತ್ತದೆ. ದಾರ ಸಡಿಲವಾದರೆ ಸಣ್ಣ ಸದ್ದು ಬರುತ್ತದಂತೆ.

“ದಿನಾ ಮರಳಿಗೆ ಜೋಲಿ ಕಟ್ತಾಳೆ ನಮ್ಮಕ್ಕ. ಲಾಲಿ ಪದ ಒಂದೇ ಬಾಕಿ,” ನಾಗೇಶ್ ಛೇಡಿಸುತ್ತಾರೆ.

“ನೀನು ಬಂದು ಮಲ್ಕೊಳಪ್ಪ, ಅದೂ ಆಯ್ತದೆ.”

ನಲವತ್ತಾರರ ಶ್ಯಾಮಲಾ ಆರು ವರ್ಷದಿಂದ ಈ ಆಂಬುಲೆನ್ಸಿನ ಸಹಾಯಕಿ. ಅದಕ್ಕೂ ಮೊದಲು ಆಂಡರ್ಸನ್‌ಪೇಟೆಯಲ್ಲಿ ಶಾಲಾ ಬ್ಯಾಗು ಹೊಲಿಯುತ್ತಿದ್ದರು. ಗಾಡಿ, ಸಲಕರಣೆ, ತರಬೇತಿ ಕೊಟ್ಟಿದ್ದು ಹೊರದೇಶದ ಒಂದು ದತ್ತಿಸಂಸ್ಥೆ. ನಡೆಸುವುದು ಊರಿನದೇ ಟ್ರಸ್ಟ್. ದಿನಕ್ಕೆ ನಾಲ್ಕೈದು ಕರೆ, ಬಂಗಾರಪೇಟೆಯ ಆಸ್ಪತ್ರೆಗೆ ಎರಡು ಸಲವಾದರೂ ಓಡಾಟ. ರಕ್ತ ನಿಲ್ಲಿಸುವುದು, ಎದೆ ಒತ್ತುವುದು, ಎಲ್ಲವನ್ನೂ ಆ ಸಂಸ್ಥೆಯ ನರ್ಸುಗಳೇ ಕಲಿಸಿದರು. “ಅವ್ರು ಕಲಿಸ್ದೆ ಓಗಿದ್ರೆ ನಾನೂ ಎಲ್ರಂಗೆ ನೋಡ್ತಾ ನಿಂತಿರ್ತಿದ್ದೆ ಮೇಡಂ,” ಎಂದು ನನಗೆ ಹೇಳುತ್ತಾರೆ.

ಆದರೆ ಅವರು ಕೊಟ್ಟ ಸ್ಟ್ರೆಚರ್ ಗಣಿ ಕಾರ್ಮಿಕರ ಹಳೇ ಸಾಲುಮನೆಗಳ ಬಾಗಿಲಲ್ಲಿ ತೂರುತ್ತಿರಲಿಲ್ಲ. ಅದನ್ನು ಓಣಿಯಲ್ಲೇ ನಿಲ್ಲಿಸಿ, ರೋಗಿಯನ್ನು ಕಂಬಳಿಯಲ್ಲಿ ಹೊತ್ತು ತರಬೇಕಿತ್ತು. ಮೂರು ವರ್ಷ ಈ ಸಂಗತಿಯನ್ನು ಯಾರೂ ಸಂಸ್ಥೆಗೆ ತಿಳಿಸಲಿಲ್ಲ. ಪ್ರತಿವರ್ಷ ಸ್ಟ್ರೆಚರಿನ ಫೋಟೊ ಇಟ್ಟು ಕೃತಜ್ಞತಾ ಪತ್ರ ಮಾತ್ರ ಹೋಗುತ್ತಿತ್ತು. ಒಂದು ದಿನ, ಸೊಂಟ ಮುರಿದಿದ್ದ ಕದಿರಮ್ಮ ಎಂಬ ವೃದ್ಧೆಯನ್ನು ಹೊರತರುವಾಗ ಕಂಬಳಿ ಹರಿದು, ಆಕೆ ಹೊಸ್ತಿಲ ಮೇಲೆಯೇ ಬಿದ್ದರು.

“ಆಯಮ್ಮ ನನ್ನ ಬೈಲಿಲ್ಲ. ಬೈದಿದ್ರೆ ವಾಸಿ ಇತ್ತು.”

ಟ್ರಸ್ಟಿನ ಕಾರ್ಯದರ್ಶಿ ಸುಬ್ಬರಾಯಪ್ಪನವರ ಬಳಿ ಹೋದರೆ ಅವರಿಗೆ ದಿಗಿಲು. “ಕೊಟ್ಟೋರ ಮುಂದೆ ಕೊರತೆ ಯೋಳಿ, ಅವ್ರು ಗಾಡೀನೇ ವಾಪಸ್ ತಗೊಂಡೋದ್ರೆ ಏನಮ್ಮ ಗತಿ?” ಶ್ಯಾಮಲಾ ಅವರಿಗೂ ಅದೇ ಭಯ. ಕ್ಯಾಸಂಬಳ್ಳಿ ಸುತ್ತಿನ ಹಳ್ಳಿಗಳೂ ಇದೊಂದೇ ಗಾಡಿಯನ್ನು ನಂಬಿಕೊಂಡಿವೆ. ಆದರೂ ಆ ವರ್ಷ ಸಂಸ್ಥೆಯವರು ಭೇಟಿಗೆ ಬಂದಾಗ ಆಕೆ ಅವರನ್ನು ಕದಿರಮ್ಮನ ಮನೆಗೇ ಕರೆದೊಯ್ದರು. ಖಾಲಿ ಸ್ಟ್ರೆಚರನ್ನು ಅವರ ಕೈಗೇ ಕೊಟ್ಟು, ಒಳಗೆ ತನ್ನಿ ಎಂದರು. ಅದು ಬಾಗಿಲಲ್ಲಿ ಸಿಕ್ಕಿಕೊಂಡಿತು. ಶ್ಯಾಮಲಾ ಹೊಲಿಗೆಯ ಟೇಪು ಹಿಡಿದು ಬಾಗಿಲ ಅಳತೆ ತೋರಿಸಿದರು.

ಬಂದವರು ಕೋಪಿಸಿಕೊಳ್ಳಲಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಎಂದು ನೊಂದುಕೊಂಡರು, ಏನು ಬೇಕು ಎಂದು ಕೇಳಿದರು. ಕ್ಯಾನ್ವಾಸ್, ಅಗಲದ ಪಟ್ಟಿ, ದಪ್ಪ ಬಟ್ಟೆ ಹೊಲಿಯುವ ಮಿಷನ್ ಬಂದವು. ಶ್ಯಾಮಲಾ ಆರು ಹಿಡಿಗಳ ಜೋಲಿ ಹೊಲಿದರು. ಈಗ ರೋಗಿ ಜೋಲಿಯಲ್ಲಿ ಓಣಿಗೆ ಬಂದು, ಜೋಲಿ ಸಮೇತ ಸ್ಟ್ರೆಚರಿಗೆ ಇಳಿಯುತ್ತಾರೆ. ಎರಡೂವರೆ ವರ್ಷದಲ್ಲಿ ಹೀಗೆ ಹೊರಬಂದವರು ಆರುನೂರಕ್ಕೂ ಹೆಚ್ಚು. ಒಬ್ಬರೂ ಜಾರಿಲ್ಲ.

ನಾನು ಶೆಡ್ಡಿನಲ್ಲಿರುವಾಗಲೇ ಸುಬ್ಬರಾಯಪ್ಪನವರು ಈ ವರ್ಷದ ಕೃತಜ್ಞತಾ ಪತ್ರದ ಹಾಳೆ ಹಿಡಿದು ಬರುತ್ತಾರೆ.

“ಏನಮ್ಮ, ಈ ಸಲ ಏನಾದ್ರೂ ತಕರಾರು ಐತಾ?”

“ಗ್ಲೌಸು ನಮ್ಮ ಎಂಗಸ್ರ ಕೈಗೆ ದೊಡ್ಡವು. ಬರ್ಕೊಳ್ಳಿ ಸಾರ್.”

“ಮೊದ್ಲು ಥ್ಯಾಂಕ್ಸ್ ಬರೀಲಾ, ಇದನ್ನ ಬರೀಲಾ?”

ಶ್ಯಾಮಲಾ ಜೋಲಿ ಮಡಚುತ್ತಲೇ ಉತ್ತರಿಸುತ್ತಾರೆ. “ಯಾವ್ದು ಮೊದ್ಲಾದ್ರೇನು ಸಾರ್. ಎರಡೂ ಮನಸಾರೆ ಯೋಳ್ತಿರೋದೇ.”