ಮೊದಲ ಪಂಕ್ತಿಯಲ್ಲಿ ಪದ್ಮಜಾ

ವಾಲ್ನಟ್ ಕ್ರೀಕ್‌ನ ಆ ಮನೆಗೆ ಶನಿವಾರ ಯಾರಾದರೂ ಊಟಕ್ಕೆ ಬಂದರೆ ಮೊದಲ ಪಂಕ್ತಿ ಗಂಡಸರಿಗೆ, ಹಿರಿಯರಿಗೆ, ಮಕ್ಕಳಿಗೆ. ಪದ್ಮಜಾ ಬಡಿಸುವವಳು. ಮೈಸೂರಿನ ಅತ್ತೆಮನೆಯ ಈ ಪದ್ಧತಿ ೧೯೭೯ರಲ್ಲಿ ಸೂಟ್‌ಕೇಸುಗಳ ಜೊತೆಗೇ ಕಡಲು ದಾಟಿ ಬಂದಿತ್ತು. ಆಸ್ಪತ್ರೆಯ ಲ್ಯಾಬಿನಲ್ಲಿ ವಾರಕ್ಕೆ ಐದು ದಿನ ರಕ್ತಪರೀಕ್ಷೆ ಮಾಡುವ ಪದ್ಮಜಾಗೆ ಬಡಿಸುವುದರಲ್ಲಿ ಬೇಸರವಿರಲಿಲ್ಲ. ಬೇಸರವಿದ್ದದ್ದು ಗಂಡ ಶ್ರೀಕಂಠ ಹೇಳುವ ಒಂದು ಕತೆಯ ಮೇಲೆ: ಹೆಂಡತಿ ಫ್ರೀವೇ ಹೆದ್ದಾರಿಯ ನಡುವೆ ಕಾರು ನಿಲ್ಲಿಸಿದ ಕತೆ. ಐದು ವರ್ಷದಲ್ಲಿ ಹನ್ನೆರಡು ಸಲ ಕೇಳಿದ್ದಳು, ಅಷ್ಟೂ ಸಲ ಅಡುಗೆಮನೆಯಿಂದ. ಅವಳು ಎರಡನೆಯ ಪಂಕ್ತಿಗೆ ಕೂರುವಷ್ಟರಲ್ಲಿ ನಗು ಮುಗಿದು ಮಾತು ವೀಸಾಕ್ಕೆ ಹೊರಳಿರುತ್ತಿತ್ತು.

ಮೊನ್ನೆ ಎಂಟು ವರ್ಷದ ಮಗಳು ಗೆಳತಿಗೆ ಫೋನಿನಲ್ಲಿ, "ಮೈ ಮಾಮ್ ಕಾಂಟ್ ಡ್ರೈವ್" ಎಂದು ನಕ್ಕಳು. ಅಪ್ಪನದೇ ನಗು. ಅಂದಿನಿಂದ ಪದ್ಮಜಾಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಗಂಡ ನಕ್ಕರೆ ಹೇಗೋ ಸಹಿಸಬಹುದು. ಮಗಳೂ ತನ್ನನ್ನು ಹಾಗೇ ಕಾಣತೊಡಗಿದರೆ?

ಈ ಶನಿವಾರ ಹತ್ತಿರದ ಡ್ಯಾನ್‌ವಿಲ್‌ನ ಗೆಳೆಯ ಶರಣಪ್ಪ, ಹುಬ್ಬಳ್ಳಿಯಿಂದ ಬಂದಿದ್ದ ತಾಯಿ ನಾಗವ್ವನನ್ನು ಕರೆತಂದಿದ್ದರು. ಪದ್ಮಜಾ ನಾಗವ್ವನಿಗೆ ಎರಡೆರಡು ಸಲ ಪಲ್ಯ ಬಡಿಸಿದಳು. ಉಪ್ಪು ತರಲು ಹೋಗಿ ನೀರು ತಂದಳು. ಅಷ್ಟರಲ್ಲಿ ಶ್ರೀಕಂಠನ ಕತೆ ಶುರುವಾಯಿತು.

"ಶರಣಪ್ಪ, ನಮ್ಮೋಳು ಫ್ರೀವೇನಲ್ಲಿ ಏನ್ ಮಾಡಿದ್ಲು ಗೊತ್ತಾ?"

ಪದ್ಮಜಾ ಒಲೆ ಆರಿಸಿದಳು. ತಟ್ಟೆ ತಂದು ಮಗಳ ಪಕ್ಕ ಕೂತಳು.

"ನಾನೇ ಹೇಳ್ತೀನಿ ರೀ. ಆವತ್ತು ಇವರು ಪಕ್ಕದ ಸೀಟಲ್ಲಿದ್ರು. ದೊಡ್ಡ ಟ್ರಕ್ಕು ಪಕ್ಕಕ್ಕೇ ಬಂತು. 'ನಿಲ್ಸು, ನಿಲ್ಸೇ' ಅಂತ ಕಿರುಚಿದ್ರು. ನಿಲ್ಲಿಸ್ದೆ."

"ಅಯ್ಯ, ನಿಲ್ಸು ಅಂದಾಂವ ನೀನ ಏನಪಾ?" ನಾಗವ್ವ ಕೈಯಲ್ಲಿದ್ದ ತುತ್ತು ತಟ್ಟೆಗಿಟ್ಟರು. "ಮತ್ತ ಆಕೀ ಮ್ಯಾಲೆ ನಗತೀಯಲ್ಲೋ!"

"ಅದೆಲ್ಲ ಡೀಟೇಲ್ಸು ಬಿಡೀಮ್ಮ" ಎಂದ ಶ್ರೀಕಂಠ. ಶರಣಪ್ಪ ನಗು ಮುಚ್ಚಿಕೊಳ್ಳಲು ಅನ್ನ ಕಲೆಸುತ್ತಲೇ ಇದ್ದರು.

"ಈಸ್ ದಟ್ ಟ್ರೂ, ಅಪ್ಪ?" ಮಗಳು ನಗುತ್ತಿರಲಿಲ್ಲ.

ಶ್ರೀಕಂಠ ಅವಳ ಮುಖ ನೋಡಿದ. "ಹೂಂ ಪುಟ್ಟಿ. ಭಯ ಆಗಿತ್ತು."

"ದೆನ್ ವಾಟ್ ಡಿಡ್ ಯು ಡೂ, ಅಮ್ಮ?"

ಈ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. "ಎಮರ್ಜೆನ್ಸಿ ಲೈಟು ಹಾಕ್ದೆ. ಟ್ರಕ್ಕು ಹೋಗೋವರೆಗೂ ಕಾದೆ. ಕಾರು ಪಕ್ಕಕ್ಕೆ ತಂದೆ. ಅಪ್ಪನ ಕೈ ನಡುಗ್ತಿತ್ತು. ಅದಕ್ಕೇ ಮನೇವರೆಗೂ ನಾನೇ ಓಡಿಸ್ಕೊಂಡು ಬಂದೆ."

"ಆಲ್ ದ ವೇ?"

"ಹೂಂ. ಹದಿನೇಳು ಮೈಲಿ."

ಯಾರದೋ ತಟ್ಟೆಯಲ್ಲಿ ಸಾರು ಮುಗಿದಿತ್ತು. ಪದ್ಮಜಾ ಏಳಲಿಲ್ಲ.