ಪಟದವರು

ಖಾಲಿ ಸೀಟಿನಲ್ಲೂ "ಕೂರಬಹುದಾ?" ಎಂದು ಕೇಳಿಯೇ ಕೂರುವ ಜೀವ ರಂಗನಾಥನದು. ಮೈಸೂರಿನಿಂದ ಬಾರಾನಗರದ ಸಂಶೋಧನಾ ಸಂಸ್ಥೆಗೆ ಬಂದು, ಅಲ್ಲೇ ನಿವೃತ್ತನಾಗಿ, ಈಗ ಕಸ್ಬಾ ಬಡಾವಣೆಯಲ್ಲಿ ಮನೆ. ಈ ಚಾಳಿಯನ್ನೇ ಹಿಡಿದುಕೊಂಡು ಹೆಂಡತಿ ಇಂದುಮತಿ ಒಂದು ಕಾಲದಲ್ಲಿ ಅವನನ್ನು ಗೋಳುಹೊಯ್ದುಕೊಳ್ಳುತ್ತಿದ್ದಳು.

ಈಗ ಅವಳಿಗೆ ಮರೆವಿನ ಕಾಯಿಲೆ. ಗಂಡನೂ ಮರೆತುಹೋಗಿದ್ದಾನೆ. ನೆನಪಿರುವುದು ಊರ ನಡುವಿನ ಎಸ್ಪ್ಲನೇಡ್ ಚೌಕ ಒಂದೇ. ಮದುವೆಯಾದ ಹೊಸತರಲ್ಲಿ ಇಬ್ಬರೂ ಅಲ್ಲಿ ಟ್ರಾಮ್ ಹತ್ತಿ ಸುಮ್ಮನೆ ಸುತ್ತುತ್ತಿದ್ದರು. ರಂಗನಾಥ ವಾರ ವಾರವೂ ಹೋಗಿ ಆ ರಸ್ತೆ, ಟ್ರಾಮು, ಮಣ್ಣಿನ ಕಪ್ಪಿನ ಚಹಾದಂಗಡಿ ಎಲ್ಲವನ್ನೂ ಫೋನಿನಲ್ಲಿ ತೆಗೆದು ತಂದು ತೋರಿಸುತ್ತಿದ್ದ. ಅವಳ ಮುಖ ಅರಳುತ್ತಿತ್ತು. "ಬಂದ್ರಾ ಪಟದವ್ರೇ, ಕೂತ್ಕೊಳ್ಳಿ" ಎನ್ನುತ್ತಿದ್ದಳು. ಗಂಡನೆಂದು ಅಲ್ಲದಿದ್ದರೂ ಅವಳ ಪಕ್ಕ ಕೂರಲು ಜಾಗ ಸಿಗುತ್ತಿತ್ತಲ್ಲ, ಅವನಿಗೆ ಅಷ್ಟೇ ಸಾಕಾಗಿತ್ತು.

ಆ ದಿನ ಟ್ರಾಮ್ ನಿಲ್ದಾಣದ ಎದುರು ಪೊಲೀಸಿನವನೊಬ್ಬ ನಿಂತಿದ್ದ. ಸುತ್ತಲೂ ಜನ ತಮ್ಮ ಪಾಡಿಗೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನಮ್ಮ ರಂಗನಾಥನ ಬಾಯಿ ಮಾತ್ರ ಸುಮ್ಮನಿರಲಿಲ್ಲ. ಹಿಂದಿಯಲ್ಲಿ ಕೇಳಿದ: "ಫೋಟೊ ತೆಗೀಬಹುದಾ ಸರ್?"

ಕೇಳಿದವನಿಗೆ ಬೇಡ ಎನ್ನುವುದು ಎಷ್ಟು ಸುಲಭ! ಬೇಡ ಎಂದವನು ಫೋನು ಇಸಿದುಕೊಂಡು ನೋಡಿದ. ವರ್ಷವಿಡೀ ಅದೇ ರಸ್ತೆ, ಅದೇ ತಿರುವು. ಅನುಮಾನ ಬಂತು.

"ಎಲ್ಲಾ ಅಳಿಸಿ. ಇಲ್ಲಾಂದ್ರೆ ಠಾಣೆಗೆ ನಡೀರಿ."

ರಂಗನಾಥ ಮನೆಗೆ ಹೊರಗಿನಿಂದ ಬೀಗ ಹಾಕಿ ಬಂದಿದ್ದ. ಒಳಗೆ ಇಂದುಮತಿ ಒಬ್ಬಳೇ. ತನ್ನ ಕೈಯಾರೆ ಒಂದೂ ಉಳಿಯದಂತೆ ಅಳಿಸಿದ.

ಆಚೆ ಫುಟ್‌ಪಾತಿಗೆ ದಾಟಿ, ಮೇಲಿನ ಮನೆಯ ವಕೀಲೆ ಅಪರ್ಣಾಗೆ ಫೋನು ಮಾಡಿದ. ಅವಳು ಕೆಂಡವಾದಳು.

"ಬೀದೀಲಿ ಟ್ರಾಮ್ ಫೋಟೊ ತೆಗಿಯೋಕೆ ಯಾರ ಪರ್ಮಿಷನ್ನೂ ಬೇಡ ಅಂಕಲ್! ಅಳಿಸಿ ಅನ್ನೋ ಅಧಿಕಾರಾನೂ ಅವನಿಗಿಲ್ಲ. ಯಾಕೆ ಕೇಳೋಕೆ ಹೋದ್ರಿ? ಈಗ್ಲೇ ಒಂದು ತೆಗೀರಿ, ಏನಾದ್ರೂ ಅಂದ್ರೆ ನನ್ನ ಹತ್ರ ಮಾತಾಡ್ಸಿ."

ರಂಗನಾಥ ಫೋನು ಎತ್ತಿದ. ಟ್ರಾಮೂ ಎದುರಿಗೇ ಬಂತು. ಪೊಲೀಸಿನವನು ಇತ್ತ ತಿರುಗಿಯೂ ನೋಡಲಿಲ್ಲ. ಆದರೂ ಬೆರಳು ಒತ್ತಲಿಲ್ಲ. ಕಾನೂನು ಅವನ ಕಡೆಗಿತ್ತು, ಎದೆ ಇರಲಿಲ್ಲ. ಟ್ರಾಮು ಹೋಯಿತು. ಫೋನನ್ನು ಜೇಬಿಗಿಟ್ಟುಕೊಂಡು ಬಸ್ಸು ಹತ್ತಿದ.

ಮನೆಗೆ ಬಂದವನು ದಣಿದು ಸೀದಾ ಇಂದುಮತಿಯ ಪಕ್ಕ ಕುಸಿದು ಕೂತ. ಅವಳು ಅವನ ಬರಿಗೈ ನೋಡಿದಳು. ಸೆರಗು ಎಳೆದುಕೊಂಡು ದೂರ ಸರಿದಳು.

"ಯಾರ್ರೀ ನೀವು? ಕೇಳ್ದೆ ಕೂತ್‌ಬಿಟ್ರಲ್ಲ?"

ರಂಗನಾಥ ಎದ್ದು ನಿಂತ. "ಕೂರಬಹುದಾ?" ಎಂದು ಕೇಳಿದ.

ಬೇಡ ಎಂದಳು.